ತೋಟಾ ತುಂಬುವ ಪ್ರೆಸ್: ರಚನೆ, ನಿರ್ವಹಣೆ ಮತ್ತು ದೋಷ ನಿವಾರಣೆ

ಒಮ್ಮೆ ಹೊಡೆದು ಖಾಲಿಯಾದ ತೋಟಾವನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ಮತ್ತು ಗುಂಡು ಅಥವಾ ಚರೆ ಸೇರಿಸಿ ಇನ್ನೊಮ್ಮೆ ಬಳಸಲು ಸಿದ್ಧಪಡಿಸುವ ಕೈಯಂತ್ರವೇ ತೋಟಾ ತುಂಬುವ ಪ್ರೆಸ್. ಅಮೆರಿಕ, ಯುರೋಪಿನ ಕೆಲವು ದೇಶಗಳು ಮತ್ತು ಆಸ್ಟ್ರೇಲಿಯಾದಲ್ಲಿ ಗುರಿಕಾರರ ಮನೆಗಳಲ್ಲೇ ಇದು ಕಾಣಸಿಗುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ಇದನ್ನು ಮುಟ್ಟುವಂತಿಲ್ಲ. ಕೋವಿಯ ನೆನಪು ದಟ್ಟವಾಗಿರುವ ಕೊಡಗು, ಮಲೆನಾಡು, ಬಿಳಿಗಿರಿರಂಗನ ಬೆಟ್ಟ ಮತ್ತು ಹನೂರಿನ ಕಾಡಂಚಿನಲ್ಲಿ ಈ ಯಂತ್ರದ ಹೆಸರು ಕೇಳಿದವರಿದ್ದರೂ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ, ಕೆಟ್ಟರೆ ಏಕೆ ಅಪಾಯ ಎಂಬುದನ್ನು ಬಲ್ಲವರು ಕಡಿಮೆ.

ತೋಟಾ ಎಂಬುದು ನಾಲ್ಕು ವಸ್ತುಗಳ ಕಟ್ಟು. ಹೊರಗಿನ ಕೊಳವೆ, ತಳದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಚರೆ ಕೋವಿಯದಾದರೆ ಗುಂಡಿನ ಜಾಗದಲ್ಲಿ ವ್ಯಾಡ್ ಎಂಬ ಬಿರಡೆ ಮತ್ತು ಚರೆ ಇರುತ್ತವೆ. ಕುದುರೆ ಎಳೆದಾಗ ಕೇಪು ಕಿಡಿ ಕಾರಿ ಮದ್ದು ಉರಿಯುತ್ತದೆ. ಆ ಒತ್ತಡಕ್ಕೆ ಹಿತ್ತಾಳೆಯ ಕೊಳವೆ ಹಿಗ್ಗಿ ಕೋವಿಯ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಒತ್ತಡ ಇಳಿದ ಮೇಲೆ ತುಸು ಕುಗ್ಗುತ್ತದೆ. ಆದರೆ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ನಾಲ್ಕರಲ್ಲಿ ಅತಿ ದುಬಾರಿಯಾದದ್ದೂ ಮತ್ತೆ ಮತ್ತೆ ಬಳಸಲು ಬರುವುದೂ ಈ ಕೊಳವೆಯೇ. ಹಿಗ್ಗಿದ ಕೊಳವೆಯನ್ನು ಡೈ ಎಂಬ ಗಟ್ಟಿ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕಾದ್ದರಿಂದ ಪ್ರೆಸ್ ಬೇಕಾಯಿತು.

ಈ ಯಂತ್ರದ ಹೆಸರು ಕೇಳಿಬರುವ ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಗೆ ಕೋವಿಯ ಚರಿತ್ರೆ ಎರಡು ದಾರಿಯಲ್ಲಿ ಬಂದಿದೆ. ದಿವಾನ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1878ರ ಬ್ರಿಟಿಷ್ ಆಯುಧ ಕಾಯ್ದೆಗೆ ನೇರವಾಗಿ ಒಳಪಟ್ಟಿತ್ತು. ಬಿಳಿಗಿರಿರಂಗನ ಬೆಟ್ಟಗಳ ಸುತ್ತ 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಆನೆ ಹಿಡಿಯುವ ಖೆಡ್ಡಾ ನಡೆಸಿದ. ತನ್ನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮುಂದೆ ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಲ್ಲಿ ಕಾಫಿ ಬೆಳೆಯುತ್ತಿದ್ದ ರಾಲ್ಫ್ ಮಾರಿಸ್ ಬೇಟೆಗಾರನೂ ಹೌದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ವನ್ಯಜೀವಿಗಳ ಬಗ್ಗೆ ಬರೆಯುತ್ತಿದ್ದ ಪ್ರಕೃತಿ ವೀಕ್ಷಕನೂ ಹೌದು.

ಸ್ಯಾಂಡರ್ಸನ್ ಕಾಲದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ 4 ಬೋರ್, 8 ಬೋರ್‌ನಂಥ ಭಾರಿ ಕೋವಿಗಳಿದ್ದವು. ಬೋರ್ ಲೆಕ್ಕ ಸರಳ: ಒಂದು ಪೌಂಡು ಸೀಸದಲ್ಲಿ ನಳಿಕೆಗೆ ಹೊಂದುವ ಎಷ್ಟು ಸಮಾನ ಗುಂಡುಗಳಾಗುತ್ತವೋ ಆ ಸಂಖ್ಯೆಯೇ ಬೋರ್. 12 ಬೋರ್ ಎಂದರೆ ನಳಿಕೆಯ ವ್ಯಾಸ ಸುಮಾರು 18.5 ಮಿಲಿಮೀಟರ್. ಅಂಚಿನ ಊರುಗಳಲ್ಲಿ ಸಿದ್ಧ ತೋಟಾ ಬೇಕೆಂದಾಗ ಸಿಗುತ್ತಿರಲಿಲ್ಲವಾದ್ದರಿಂದ ಆ ಕಾಲದ ಬೇಟೆಗಾರರ ಪೆಟ್ಟಿಗೆಯಲ್ಲಿ ಕೇಪು ಕೀಳುವ ಮೊಳೆ, ಹೊಸ ಕೇಪು ಕೂರಿಸುವ ಸಣ್ಣ ಸಲಕರಣೆ, ಮದ್ದಿನ ಅಳತೆ ಚಮಚ, ಮೇಜಿನ ಅಂಚಿಗೆ ಬಿಗಿದು ಹಿಡಿ ತಿರುಗಿಸಿ ಕಾಗದದ ತೋಟಾದ ಬಾಯಿ ಮಡಚುವ ಯಂತ್ರ ಇವೆಲ್ಲ ಇರುತ್ತಿದ್ದವು. ಕಾಗದದ ತೋಟಾಗೆ ಮಳೆಗಾಲವೇ ಶತ್ರು. ತೇವ ಹೀರಿ ಉಬ್ಬಿದರೆ ಅದು ಕೋವಿಯ ಗೂಡಿಗೇ ಇಳಿಯುತ್ತಿರಲಿಲ್ಲ. ಲೋಹದ ತಳವಿರುವ ಪ್ಲಾಸ್ಟಿಕ್ ತೋಟಾ ಬಂದ ಮೇಲೆ ಆ ಕಾಟ ತಪ್ಪಿತು.

ಹಳ್ಳಿಯ ರೈತನ ಬಳಿ ಇದ್ದ ಕೇಪಿನ ಕೋವಿಗೆ ಮಾತ್ರ ಯಾವ ಪ್ರೆಸ್ಸೂ ಬೇಕಿರಲಿಲ್ಲ. ನಳಿಕೆಯ ಬಾಯಿಂದಲೇ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಗಜದಿಂದ ಜಡಿದರೆ ಮುಗಿಯಿತು. ಬೆಳೆ ರಕ್ಷಣೆಗೆ ಇಂಥ ಕೋವಿಯ ಪರವಾನಗಿ ಕೊಡುವ ಮಾತು 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಇದೆ. ಕಾಡುಹಂದಿ, ಆನೆ ಹೊಲಕ್ಕಿಳಿಯುವ ಊರುಗಳಿಗೆ ಈ ಕಲಮು ಇಂದಿಗೂ ಪರಿಚಿತ.

ಪ್ರೆಸ್ ಬೆಳೆದದ್ದು ಅಮೆರಿಕದಲ್ಲಿ. ಜಾನ್ ಬಾರ್ಲೊ 1884ರಲ್ಲಿ ಆರಂಭಿಸಿದ ಐಡಿಯಲ್ ಕಂಪನಿ ಇಕ್ಕುಳದಂಥ ಕೈಸಲಕರಣೆಗಳನ್ನು ಮಾರಿತು. 1925ರಲ್ಲಿ ಅದನ್ನು ಲೈಮನ್ ಕಂಪನಿ ಕೊಂಡಿತು. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಕಟ್ಟಿದ ಆರ್‌ಸಿಬಿಎಸ್ ಕಂಪನಿಯ ಎರಕದ ಕಬ್ಬಿಣದ ಪ್ರೆಸ್‌ಗಳು ಮುಂದೆ ಮಾದರಿಯಾದವು. ರಿಚರ್ಡ್ ಲೀ 1958ರಲ್ಲಿ ಸುತ್ತಿಗೆ ಏಟಿನಿಂದ ಕೆಲಸ ಮಾಡುವ ಅಗ್ಗದ ಸೆಟ್ಟು ತಂದ. ಮೈಕ್ ಡಿಲ್ಲನ್ ಹೆಸರಿನ ಪ್ರೆಸ್‌ಗಳು ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟಾ ಉದುರಿಸುವ ಮಟ್ಟಕ್ಕೆ ಯಂತ್ರವನ್ನು ಒಯ್ದವು. ಚರೆ ತೋಟಾಗೆ ವಿಸ್ಕಾನ್ಸಿನ್‌ನ ಮೇವಿಲ್ ಕಂಪನಿಯ ಪ್ರೆಸ್ ಮನೆಮಾತು. ಡೈ ಕೂರುವ ರಂಧ್ರ ಎಲ್ಲ ಕಂಪನಿಗಳಲ್ಲೂ ಬಹುಪಾಲು ಒಂದೇ ಅಳತೆಯದು: ಇಂಚಿನ ಎಂಟರಲ್ಲಿ ಏಳು ಭಾಗ ವ್ಯಾಸ, ಇಂಚಿಗೆ 14 ಥ್ರೆಡ್. ಈ ಒಪ್ಪಂದದಿಂದಾಗಿ ಒಬ್ಬರ ಪ್ರೆಸ್‌ಗೆ ಇನ್ನೊಬ್ಬರ ಡೈ ಹೊಂದುತ್ತದೆ.

ಯಂತ್ರದ ತತ್ತ್ವ ನಮ್ಮ ಶ್ಯಾವಿಗೆ ಒರಳಿನದೇ: ಉದ್ದದ ಹಿಡಿಕೆ ಒತ್ತಿದರೆ ಕೈಯ ಸಣ್ಣ ಬಲ ದೊಡ್ಡ ಒತ್ತಡವಾಗುತ್ತದೆ. ಹಿಡಿಕೆ ಕೆಳಗಿಳಿದಾಗ ಕೀಲುಗಳ ಮೂಲಕ ರ‍್ಯಾಮ್ ಎಂಬ ಉಕ್ಕಿನ ದಿಂಡು ಮೇಲೇರುತ್ತದೆ. ರ‍್ಯಾಮಿನ ತಲೆಯಲ್ಲಿ ತೋಟಾದ ತಳವನ್ನು ಹಿಡಿಯುವ ಹೋಲ್ಡರ್ ಇದೆ. ಮೇಲಿನ ಚೌಕಟ್ಟಿನಲ್ಲಿ ಡೈ ಇದೆ. ತೋಟಾ ಡೈಯೊಳಗೆ ನುಗ್ಗಿದಾಗ ಅಳತೆಗೆ ಬರುತ್ತದೆ, ಡೈಯ ನಡುವಿನ ಸೂಜಿ ಹಳೆಯ ಕೇಪನ್ನು ಕೆಳಗೆ ತಳ್ಳುತ್ತದೆ. ಸಾಮಾನ್ಯವಾಗಿ ರ‍್ಯಾಮ್ ಕೆಳಗಿಳಿಯುವ ಕೊನೆಯಲ್ಲಿ ಹೊಸ ಕೇಪು ಕೂರುತ್ತದೆ. ಒಂದೇ ಡೈ ಹಿಡಿಯುವುದು ಸರಳ ಪ್ರೆಸ್, ನಾಲ್ಕಾರು ಡೈಗಳ ತಲೆಯನ್ನು ತಿರುಗಿಸಿ ಬಳಸುವುದು ಟರೆಟ್, ತೋಟಾಗಳೇ ತಟ್ಟೆಯೊಂದರಲ್ಲಿ ಡೈಯಿಂದ ಡೈಗೆ ಸರಿಯುವುದು ಪ್ರೊಗ್ರೆಸಿವ್. ವೇಗ ಹೆಚ್ಚಿದಷ್ಟೂ ಚಲಿಸುವ ಭಾಗ ಹೆಚ್ಚು, ಕೆಡುವ ಜಾಗವೂ ಹೆಚ್ಚು.

ಪ್ರೆಸ್ ಕೆಟ್ಟಿತು ಎಂದು ಬಿಚ್ಚಿ ಹಾಕಿದ ಬಹುಪಾಲು ಯಂತ್ರಗಳಲ್ಲಿ ಮುರಿದದ್ದು ಏನೂ ಇರುವುದಿಲ್ಲ. ಕೊಳೆ ಕೂತಿರುತ್ತದೆ, ಇಲ್ಲವೇ ಎಲ್ಲೋ ಒಂದು ತಿರುಪು ಸಡಿಲಿರುತ್ತದೆ. ಪಾನ ಹಿಡಿಯುವ ಮುನ್ನ ಹಿಡಿಕೆ ಎಲ್ಲಿ ಭಾರವಾಗುತ್ತದೆ ಎಂದು ಕೈಯಿಂದ ತಿಳಿಯುವುದೇ ಸರಿಯಾದ ಆರಂಭ. ತೋಟಾ ಇಡದೆ, ಡೈ ಬಿಚ್ಚಿ, ಬರಿದೇ ಹಿಡಿಕೆ ಆಡಿಸಬೇಕು. ಆಗಲೂ ಬಿಗಿ ಇದ್ದರೆ ದೋಷ ರ‍್ಯಾಮ್ ಇಲ್ಲವೇ ಕೀಲಿನದು. ತೋಟಾ ಇಟ್ಟಾಗ ಮಾತ್ರ ಬಿಗಿಯಾದರೆ ಡೈ ಅಥವಾ ಎಣ್ಣೆಯ ಕೊರತೆ. ಏರುವ ಕೊನೆಯಲ್ಲಿ ಮಾತ್ರ ತಡೆದರೆ ಡೈ ಅತಿಯಾಗಿ ಕೆಳಗಿಳಿದಿದೆ. ಇಳಿಯುವ ಕೊನೆಯಲ್ಲಿ ತಡೆದರೆ ಕೇಪಿನ ಜಾಗದಲ್ಲಿ ಏನೋ ಸಿಕ್ಕಿದೆ, ಕೂಡಲೇ ನಿಲ್ಲಿಸಬೇಕು.

ರ‍್ಯಾಮ್ ಬಿಗಿಯಾಗಲು ಮುಖ್ಯ ಕಾರಣ ಸುಟ್ಟ ಕೇಪಿನ ಬೂದಿ. ಹಳೆಯ ಕೇಪು ಹೊರಬಿದ್ದಾಗ ಜೊತೆಗೆ ಕಪ್ಪು ಪುಡಿ ಉದುರುತ್ತದೆ. ಅದರಲ್ಲಿ ಸೀಸದ ಸಂಯುಕ್ತಗಳಿವೆ, ಕೆಲವು ಕೇಪುಗಳಲ್ಲಿ ಕಿಡಿ ಹುಟ್ಟಿಸಲೆಂದೇ ಸೇರಿಸಿದ ಗಾಜಿನ ಪುಡಿಯೂ ಇರುತ್ತದೆ. ಎಣ್ಣೆ ಹಚ್ಚಿದ ರ‍್ಯಾಮಿನ ಮೇಲೆ ಇದು ಕೂತರೆ ಅರೆಯುವ ಲೇಪವಾಗಿ, ರ‍್ಯಾಮನ್ನೂ ಅದು ಓಡಾಡುವ ರಂಧ್ರವನ್ನೂ ಸವೆಸುತ್ತದೆ. ಹಿಡಿಕೆ ಬಿಗಿಯಾಯಿತೆಂದು ಇನ್ನಷ್ಟು ಎಣ್ಣೆ ಸುರಿಯುವುದು ಎಲ್ಲರೂ ಮಾಡುವ ತಪ್ಪು, ಅದರಿಂದ ಸವೆತ ಹೆಚ್ಚುತ್ತದೆ. ರ‍್ಯಾಮನ್ನು ಮೇಲಕ್ಕೆತ್ತಿ ಬಟ್ಟೆಯಿಂದ ಪೂರ್ತಿ ಒರೆಸಿ, ಆಮೇಲೆ ಬೆರಳಿಗೆ ಹತ್ತುವಷ್ಟು ತೆಳು ಎಣ್ಣೆ ಸವರಿದರೆ ಸಾಕು. ಕೀಲುಗಳ ಪಿನ್ನುಗಳಿಗೆ ಗ್ರೀಸು. ಗಾಳಿ ಹೊಡೆದು ಬೂದಿ ಹಾರಿಸಬಾರದು, ಸೀಸದ ಧೂಳು ಉಸಿರಿನ ಮೂಲಕ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಕೈ ತೊಳೆಯದೆ ತಿಂಡಿ ಮುಟ್ಟಬಾರದು, ಮಕ್ಕಳನ್ನು ಆ ಕೋಣೆಗೆ ಬಿಡಬಾರದು. ಹಳೆಯ ಕೇಪು ರ‍್ಯಾಮಿನ ಒಳಗಿನ ಟೊಳ್ಳಿನ ಮೂಲಕ ಕೊಳವೆಗೆ ಇಳಿಯುವ ಪ್ರೆಸ್‌ಗಳಲ್ಲಿ ಈ ಕಾಟ ತುಂಬ ಕಡಿಮೆ. ಪ್ರೆಸ್ ಆಯ್ಕೆಯಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದ ಗುಣ ಇದೇ.

ಡೈಯೊಳಗೆ ತೋಟಾ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಸಾಮಾನ್ಯ ತೊಂದರೆ. ಕುತ್ತಿಗೆ ಕಿರಿದಾದ ರೈಫಲ್ ತೋಟಾವನ್ನು ಎಣ್ಣೆ ಸವರದೆ ಡೈಗೆ ನುಗ್ಗಿಸಿದರೆ ಹಿತ್ತಾಳೆ ಉಕ್ಕಿಗೆ ಅಂಟುತ್ತದೆ. ಹಿಂದಕ್ಕೆ ಎಳೆದಾಗ ಹೋಲ್ಡರ್ ತೋಟಾದ ಅಂಚನ್ನು ಹರಿದು ಬರಿಗೈಲಿ ಬರುತ್ತದೆ. ಇದಕ್ಕೆ ಕ್ರಮವಾದ ಪರಿಹಾರವಿದೆ. ಡೈಯನ್ನು ಪ್ರೆಸ್‌ನಿಂದ ಬಿಚ್ಚಿ, ನಡುವಿನ ಸೂಜಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ಎಳೆದು, ತೋಟಾದ ತಳಕ್ಕೆ ರಂಧ್ರ ಕೊರೆದು, ಅದಕ್ಕೆ ಟ್ಯಾಪಿನಿಂದ ಥ್ರೆಡ್ ಕೊಯ್ದು, ಬೋಲ್ಟು ಹಾಕಿ ನಿಧಾನವಾಗಿ ತಿರುಗಿಸಿದರೆ ತೋಟಾ ಇಂಚಿಂಚಾಗಿ ಹೊರಬರುತ್ತದೆ. ಆದರೆ ಕೇಪು ಹಾರಿಹೋಗಿದೆ ಎಂಬುದು ಖಚಿತವಾಗಿರಬೇಕು. ಜೀವಂತ ಕೇಪಿರುವ ತೋಟಾಗೆ ಡ್ರಿಲ್ ಹಿಡಿಯುವುದು ಅನಾಹುತಕ್ಕೆ ಆಹ್ವಾನ. ಎಣ್ಣೆ ಹೆಚ್ಚಾದರೂ ಕೆಡುಕೇ: ಡೈಯೊಳಗೆ ಸಿಕ್ಕಿದ ಎಣ್ಣೆಗೆ ಹೋಗಲು ದಾರಿಯಿಲ್ಲದೆ ತೋಟಾದ ಭುಜ ತಗ್ಗುತ್ತದೆ. ಡೈಯ ಬದಿಯಲ್ಲಿರುವ ಸಣ್ಣ ಗಾಳಿರಂಧ್ರ ಕೊಳೆಯಿಂದ ಮುಚ್ಚಿದ್ದರೂ ಹೀಗೇ ಆಗುತ್ತದೆ, ಅದನ್ನು ತಂತಿಯಿಂದ ಬಿಡಿಸಬೇಕು. ನೇರ ಕೊಳವೆಯ ಪಿಸ್ತೂಲ್ ತೋಟಾಗಳಿಗೆ ಟಂಗ್‌ಸ್ಟನ್ ಕಾರ್ಬೈಡ್ ಉಂಗುರವಿರುವ ಡೈ ಬಳಸಿದರೆ ಎಣ್ಣೆಯೇ ಬೇಡ.

ಕೇಪು ಕೀಳುವ ಸೂಜಿ ಮುರಿದರೆ ತೋಟಾದೊಳಗೆ ಕಲ್ಲು, ಮಣ್ಣು ಇದೆಯೇ ನೋಡಬೇಕು. ಇಲ್ಲದಿದ್ದರೆ ತೋಟಾದ ಜಾತಿಯೇ ಬೇರೆ ಇರಬಹುದು. ಕೇಪಿನ ವ್ಯವಸ್ಥೆ ಎರಡು ಬಗೆ, ಎರಡೂ 1860ರ ದಶಕದವು. ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ಹೆಸರಿನದಕ್ಕೆ ತಳದ ನಡುವೆ ಒಂದೇ ರಂಧ್ರ. ಅಮೆರಿಕದ ಹೈರಮ್ ಬರ್ಡಾನ್ ಹೆಸರಿನದಕ್ಕೆ ಸಾಮಾನ್ಯವಾಗಿ ಬದಿಗೆ ಎರಡು ಸಣ್ಣ ರಂಧ್ರ. ಬಾಕ್ಸರ್ ಬಗೆ ಅಮೆರಿಕದಲ್ಲಿ ನೆಲೆಯಾಯಿತು, ಬರ್ಡಾನ್ ಬಗೆ ಯುರೋಪ್ ಮತ್ತು ಏಷ್ಯಾದ ಸೇನೆಗಳಲ್ಲಿ ಹರಡಿತು. ನಡುವಿನ ಸೂಜಿ ಬರ್ಡಾನ್ ತೋಟಾದ ಗಟ್ಟಿ ತಳಕ್ಕೆ ತಾಗಿ ಬಾಗುತ್ತದೆ ಅಥವಾ ಮುರಿಯುತ್ತದೆ. ತೋಟಾದ ಒಳಗೆ ಟಾರ್ಚು ಬಿಟ್ಟು ನೋಡಿದರೆ ಸಂಶಯ ತೀರುತ್ತದೆ. ಕ್ರೀಡಾ ಶೂಟಿಂಗ್‌ನಲ್ಲಿ ಬಳಸುವ ಪಾಯಿಂಟ್ 22 ರಿಮ್‌ಫೈರ್ ತೋಟಾದಲ್ಲಿ ಕೇಪಿನ ಮದ್ದು ಅಂಚಿನ ಮಡಿಕೆಯೊಳಗೇ ಇರುವುದರಿಂದ ಅದನ್ನು ಯಾವ ಪ್ರೆಸ್ಸಿನಲ್ಲೂ ಮರುತುಂಬಲು ಬರುವುದಿಲ್ಲ.

ಹೊಸ ಕೇಪು ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರಬೇಕು. ಉಬ್ಬಿ ನಿಂತ ಕೇಪು ಕೋವಿಯ ಬೋಲ್ಟು ಮುಚ್ಚುವಾಗಲೇ ಸಿಡಿಯಬಹುದು. ಬೆರಳ ತುದಿ ಆಡಿಸಿದರೆ ಉಬ್ಬು ತಿಳಿಯುತ್ತದೆ, ಪ್ರತಿಯೊಂದನ್ನೂ ಹಾಗೆ ಪರೀಕ್ಷಿಸುವ ರೂಢಿ ಬೇಕು. ಕಾರಣ ಸಾಮಾನ್ಯವಾಗಿ ಕೇಪಿನ ಗೂಡಿನಲ್ಲಿ ಉಳಿದ ಬೂದಿ, ಇಲ್ಲವೇ ಸಡಿಲಗೊಂಡ ಹೋಲ್ಡರ್. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ತೋಟಾ ಹಿಡಿದ ತಟ್ಟೆ ತುಸು ಸರಿದಿದ್ದರೆ ಕೇಪು ಓರೆಯಾಗಿ ನಜ್ಜುತ್ತದೆ. ಆಗ ಹಿಡಿಕೆ ಜಗ್ಗುವುದು ಅತ್ಯಂತ ಅಪಾಯದ ಕೆಲಸ. ಕೇಪುಗಳು ಒಂದರ ಮೇಲೊಂದು ಕೂತ ಕೊಳವೆಯಲ್ಲಿ ಒಂದು ಸಿಡಿದರೆ ಉಳಿದವೂ ಸರಣಿಯಾಗಿ ಸಿಡಿಯಬಹುದು. ಕೆಲವು ಕಂಪನಿಗಳು ಆ ಕೊಳವೆಯ ಸುತ್ತ ಉಕ್ಕಿನ ಕವಚ ಕೊಟ್ಟಿರುವುದು ಇದಕ್ಕೇ. ಕಣ್ಣಿಗೆ ಕನ್ನಡಕವಿಲ್ಲದೆ ಈ ಯಂತ್ರದ ಮುಂದೆ ಕೂರಬಾರದು. ಸಿಕ್ಕಿಬಿದ್ದಾಗ ಮೊದಲು ಕೇಪಿನ ಕೊಳವೆ ತೆಗೆದಿಡಬೇಕು, ಆಮೇಲೆ ಮದ್ದಿನ ಡಬ್ಬಿ, ಕೊನೆಗೆ ತಟ್ಟೆಯ ತೋಟಾಗಳು. ಕೆಲಸ ಶುರುವಾಗುವುದು ಅದಾದ ಮೇಲೆ. ಎಣ್ಣೆ ಕೈಯಲ್ಲಿ ಕೇಪು ಮುಟ್ಟಿದರೆ ಎಣ್ಣೆ ಒಳಗಿಳಿದು ಅದು ಹೊತ್ತದೇ ಹೋಗಬಹುದು.

ಮದ್ದು ಹಾಕುವ ಭಾಗದ ದೋಷ ಕೈಗೆ ತಿಳಿಯುವುದಿಲ್ಲ. ಅದಕ್ಕೇ ಎಲ್ಲಕ್ಕಿಂತ ಗಂಭೀರ. ಮದ್ದಿನ ತೂಕ ಅಳೆಯುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಇಷ್ಟು ಸೂಕ್ಷ್ಮ ಅಳತೆಯಲ್ಲಿ ಮದ್ದಿನ ಕಾಳುಗಳು ಕಿಂಡಿಯಲ್ಲಿ ಸೇತುವೆಯಂತೆ ಕಟ್ಟಿಕೊಂಡರೆ ಒಂದು ತೋಟಾಗೆ ಕಡಿಮೆ ಬಿದ್ದು ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಒಣ ಹವೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಸ್ಥಿರ ವಿದ್ಯುತ್ತಿನಿಂದ ಕಾಳು ಗೋಡೆಗೆ ಅಂಟುತ್ತದೆ. ಬೆಟ್ಟದ ಮಂಜಿನಲ್ಲಿ ತೇವ ಕೂರುತ್ತದೆ. ಕಡಿಮೆ ಬಿದ್ದ ತೋಟಾದ ಗುಂಡು ನಳಿಕೆಯ ನಡುವೆಯೇ ನಿಲ್ಲಬಹುದು, ಅದು ತಿಳಿಯದೆ ಇನ್ನೊಂದು ಹೊಡೆದರೆ ನಳಿಕೆ ಸೀಳುತ್ತದೆ. ಎರಡು ಪಟ್ಟು ಬಿದ್ದರೆ ಕೋವಿಯೇ ಒಡೆಯಬಹುದು. ಗುಂಡು ಕೂರಿಸುವ ಮುನ್ನ ಪ್ರತಿ ತೋಟಾದೊಳಗೆ ಕಣ್ಣು ಹಾಯಿಸುವುದು, ಆಗಾಗ ಒಂದನ್ನು ತಕ್ಕಡಿಗಿಡುವುದು, ತಕ್ಕಡಿಯನ್ನೇ ಪರೀಕ್ಷಾ ತೂಕದಿಂದ ತಾಳೆ ನೋಡುವುದು ಇವುಗಳಿಗೆ ಪರ್ಯಾಯವಿಲ್ಲ. ಕೆಲಸ ಮುಗಿದ ಕೂಡಲೇ ಉಳಿದ ಮದ್ದನ್ನು ಅದರದೇ ಹೆಸರಿನ ಡಬ್ಬಿಗೆ ಮರಳಿಸಬೇಕು. ಪ್ರೆಸ್‌ನ ಡಬ್ಬಿಯಲ್ಲೇ ಬಿಟ್ಟರೆ ಮದ್ದಿನ ಆವಿ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ, ಮರುವಾರ ಅದು ಯಾವ ಮದ್ದೆಂಬ ಗೊಂದಲವೂ ಹುಟ್ಟುತ್ತದೆ. ಹೆಸರು ಮರೆತ ಮದ್ದನ್ನು ಬಳಸಬಾರದು.

ಚರೆ ತೋಟಾದ ಪ್ರೆಸ್‌ನಲ್ಲಿ ತೊಡಕು ಕಾಣಿಸುವುದು ಕೊನೆಯ ಮಡಿಕೆಯಲ್ಲಿ. ಪ್ಲಾಸ್ಟಿಕ್ ಬಾಯಿಯನ್ನು ಆರು ಅಥವಾ ಎಂಟು ಮಡಿಕೆಯಾಗಿ ಮುಚ್ಚಲಾಗುತ್ತದೆ. ನಡುವೆ ತೂತು ಉಳಿದರೆ ಚರೆ ಸೋರುತ್ತದೆ, ತುಂಬ ತಗ್ಗಿದರೆ ಒಳಗಿನ ವ್ಯಾಡ್‌ನ ಎತ್ತರ ಹೊಂದಿಲ್ಲವೆಂದರ್ಥ. ಪ್ಲಾಸ್ಟಿಕ್ ಬಿರುಕು ಬಿಟ್ಟ ತೋಟಾವನ್ನು ಎಸೆಯಬೇಕು. ಅಂತರರಾಷ್ಟ್ರೀಯ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಲ್ಲಿ ಚರೆಯ ತೂಕದ ಮಿತಿ ಸುಮಾರು 24 ಗ್ರಾಂ.

ತೋಟಾಗಳ ಅಳತೆ ಒಂದೊಂದೂ ಬೇರೆಯಾದರೆ ಪ್ರೆಸ್‌ನ ಚೌಕಟ್ಟು ಬಾಗುತ್ತಿದೆ ಎಂದು ಹಲವರು ತೀರ್ಮಾನಿಸುತ್ತಾರೆ. ಒಂದು ಬದಿ ತೆರೆದ ಚೌಕಟ್ಟಿನಲ್ಲಿ ಅದು ನಿಜವಿರಬಹುದು. ಸುತ್ತ ಮುಚ್ಚಿದ ಎರಕದ ಚೌಕಟ್ಟಿನಲ್ಲಿ ಬಾಗುತ್ತಿರುವುದು ಹೆಚ್ಚಾಗಿ ಕೆಳಗಿನ ಮೇಜು. ದಪ್ಪ ಹಲಗೆಗೆ ಬೋಲ್ಟು ಹಾಕಿ, ಕೆಳಗೆ ಉಕ್ಕಿನ ಪಟ್ಟಿ ಕೊಟ್ಟು ಬಿಗಿದರೆ ಅರ್ಧ ದೂರುಗಳು ನಿಲ್ಲುತ್ತವೆ. ಉಳಿದರ್ಧ ಡೈಯ ಲಾಕ್ ರಿಂಗ್ ಬಿಗಿದರೆ ನಿಲ್ಲುತ್ತವೆ. ಕೆಲವು ಸಾವಿರ ತೋಟಾಗಳಾದ ಮೇಲೆ ಒಮ್ಮೆ ಕೀಲುಗಳ ಪಿನ್ನು ಕಳಚಿ, ಹಳೆಯ ಗ್ರೀಸು ತೊಳೆದು, ಸವೆತ ನೋಡಿ ಮತ್ತೆ ಜೋಡಿಸಬೇಕು. ಮಳೆಗಾಲಕ್ಕೆ ಮುಂಚೆ ಡೈಗಳಿಗೆ ತುಕ್ಕು ತಡೆಯುವ ಎಣ್ಣೆ ಹಚ್ಚಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಬೇಕು. ಬಳಸುವ ಮುನ್ನ ಆ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಕರಿಮದ್ದು ಬಳಸಿದ ಹಿತ್ತಾಳೆಯನ್ನು ಅದೇ ದಿನ ಸೋಪಿನ ಬಿಸಿನೀರಿನಲ್ಲಿ ತೊಳೆಯದಿದ್ದರೆ ಅದರ ಕಿಟ್ಟ ತೇವ ಹೀರಿ ಲೋಹವನ್ನು ತಿನ್ನುತ್ತದೆ.

ಇಷ್ಟೆಲ್ಲ ತಿಳಿದರೂ ಭಾರತದಲ್ಲಿ ಈ ಯಂತ್ರ ಹವ್ಯಾಸದ ಸಾಮಾನಲ್ಲ. ತೋಟಾದ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಆಯುಧ ಕಾಯ್ದೆಯ 2ನೇ ಕಲಮು ಮದ್ದುಗುಂಡಿನ ವ್ಯಾಖ್ಯೆಯೊಳಗೇ ಸೇರಿಸಿದೆ. ತಯಾರಿಕೆಗೆ 5ನೇ ಕಲಮಿನ ಪರವಾನಗಿ ಬೇಕು, ತಪ್ಪಿದರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ತೋಟಾ ಅಂಗಡಿಯಿಂದಲೇ ಬರಬೇಕು. ದೇಶದಲ್ಲಿ 12 ಬೋರ್ ತೋಟಾ ತಯಾರಿಸುವ ಹಳೆಯ ಹೆಸರು ಪುಣೆಯ ಖಡ್ಕಿ ಕಾರ್ಖಾನೆಯದು. 1869ರಲ್ಲಿ ಆರಂಭವಾದ ಅದು 2021ರಿಂದ ಮ್ಯುನಿಷನ್ಸ್ ಇಂಡಿಯಾ ಕಂಪನಿಯ ಭಾಗ.

ಹನೂರು ಸೀಮೆಯಲ್ಲಿ ಈ ಕಟ್ಟುನಿಟ್ಟಿಗೆ ಕಾರಣ ಕಣ್ಣೆದುರೇ ಇದೆ. 1972ರ ವನ್ಯಜೀವಿ ಕಾಯ್ದೆ ಬೇಟೆಯ ಯುಗವನ್ನು ಮುಗಿಸಿತು. ಕಾವೇರಿ ವನ್ಯಜೀವಿಧಾಮ 1987ರಲ್ಲಿ, ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾದವು, ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲಾಯಿತು. ಗೋಪಿನಾಥಂನ ವೀರಪ್ಪನ್ ಇದೇ ಕಾಡಿನಲ್ಲಿ ಆನೆಗಳನ್ನೂ ಅಧಿಕಾರಿಗಳನ್ನೂ ಕೊಂದ ವರ್ಷಗಳು ಇಲ್ಲಿನವರ ನೆನಪಿನಿಂದ ಮಾಸಿಲ್ಲ. ಕಳ್ಳತನದಲ್ಲಿ ತುಂಬಿದ ಒಂದೊಂದು ತೋಟಾವೂ ಆ ಕಾಡಿಗೆ ಬೆದರಿಕೆಯೇ.

ಹಳೆಯ ಎಸ್ಟೇಟ್ ಬಂಗಲೆಯ ಅಟ್ಟದಲ್ಲೋ ಅಜ್ಜನ ಪೆಟ್ಟಿಗೆಯಲ್ಲೋ ತೋಟಾ, ಕೇಪಿನ ಡಬ್ಬಿ, ಮದ್ದಿನ ತವರದ ಡಬ್ಬಿ ಅಥವಾ ತೋಟಾ ಕಟ್ಟುವ ಸಲಕರಣೆ ಸಿಕ್ಕವರು ಅದನ್ನು ತೊಳೆದು, ಉಜ್ಜಿ, ಆಡಿಸಿ ನೋಡಲು ಹೋಗಬಾರದು. ಒಣಗಿದ ಕರಿಮದ್ದು ಎಷ್ಟು ವರ್ಷವಾದರೂ ಬಲ ಕಳೆದುಕೊಳ್ಳುವುದಿಲ್ಲ, ಹಳೆಯ ಕೇಪು ಒಂದು ತಿಕ್ಕಿಗೆ ಸಿಡಿಯಬಹುದು. ಇದ್ದಲ್ಲೇ ಬಿಟ್ಟು, ಬೆಂಕಿ ಮತ್ತು ಮಕ್ಕಳನ್ನು ದೂರವಿಟ್ಟು, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಹೀಗೆ ಕೈಸೇರಿದ ಆಯುಧ, ಮದ್ದುಗುಂಡನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಆಯುಧ ಕಾಯ್ದೆಯ 21ನೇ ಕಲಮು ಹೇಳುತ್ತದೆ.